ಒಂಟಿಗೈ ಮುಚ್ಚಳ

ದಾವಣಗೆರೆ
ಮಾರ್ಚ್ 32, 2189

ನೀಲಾಂಬಿಕಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ಹಂಸಿನಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದ ಕಂಪನಿಗಳು ತಿಂಗಳಿಗೊಂದು 'ಬಳಗದ ದಿನ' ಸೇರಿಸಿಕೊಂಡಿವೆ; ಆ ದಿನ ನಾವೆಲ್ಲ ಕೂತು ಅವರ ವಸ್ತುಗಳನ್ನು ಹೇಗೆ ಸುಧಾರಿಸಬೇಕೆಂದು ಹೇಳಬೇಕು. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಮಿಕ್ಸಿ ಕಂಪನಿಯವರು ಫೋನಿನಲ್ಲಿ ನಡೆಸುತ್ತಿದ್ದ ಗ್ರಾಹಕರ ಗುಂಪಿನ ಹಳೆಯ ಕಡತ ನನಗೆ ಸಿಕ್ಕಿತು. ಲಕ್ವ ಹೊಡೆದ ತಂಗಿಗೆ ಒಂದೇ ಕೈಯಲ್ಲಿ ತೆಗೆಯಲು ಬರುವ ಮುಚ್ಚಳ ಬೇಕೆಂದು ನೀವು ಬರೆದಿದ್ದೀರಿ. ಗುಂಪು ನೋಡಿಕೊಳ್ಳಲು ಕಂಪನಿ ಇಟ್ಟಿದ್ದ ಸಿಂಚನಾ ಎಂಬ ಹುಡುಗಿ "ಅಕ್ಕಾ, ಇನ್ನೊಂಚೂರು ಬಿಡಿಸಿ ಹೇಳ್ರಿ" ಎಂದು ನಿಮ್ಮ ಬೆನ್ನು ಬಿದ್ದಳು. ನೀವು ಚಿತ್ರ ಬರೆದು ಕಳಿಸಿದಿರಿ. ನಿಮ್ಮ ಹೆಸರಿನ ಮುಂದೆ ನಕ್ಷತ್ರ ಬಂತು, ನೀವು ಹಿಗ್ಗಿದಿರಿ. ಪಕ್ಕದ ಬೀದಿಯ ರೇಣುಕಾ, ಮಿಕ್ಸಿ ಜಾರ್ ಕಾದು ಕೈ ಸುಟ್ಟಿತೆಂದು ಬರೆದಾಗ ಸಿಂಚನಾ ತುಟಿ ಬಿಚ್ಚಲಿಲ್ಲ. "ಬರೀ ಕೊಂಕು ತೆಗೀಬ್ಯಾಡ, ಏನಾರ ಹೊಸದು ಹೇಳು" ಎಂದು ಗದರಿದ್ದು ನೀವು! ಬಾಯಿ ಮುಚ್ಚಿಸುವ ಕಂಪನಿಯವರ ಕೆಲಸವನ್ನು ನೀವೇ ಮಾಡಿಕೊಟ್ಟಿರಿ. ರೇಣುಕಾ ಗುಂಪು ಬಿಟ್ಟಳು. ಓದುತ್ತಾ ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ಪಾಪ ಎಂದೂ ಅನಿಸಿತು.

ಮುಚ್ಚಳವೇನೋ ಬಂತು. ಈಗ ಅದು ಅನ್ನದ ಪಾತ್ರೆ, ನೀರಿನ ಹಂಡೆ, ಮಾತ್ರೆ ಡಬ್ಬಿ ಎಲ್ಲದರ ಮೇಲೂ ಕೂತಿದೆ. ನಾವದನ್ನು 'ಮಾತಿನ ಬೀಗ' ಎನ್ನುತ್ತೇವೆ, ಏಕೆಂದರೆ ಬೆಳಿಗ್ಗೆ ಅದು ಕೇಳುವ ಪ್ರಶ್ನೆಗೆ ಹೊಸ ಐಡಿಯಾ ಒಂದನ್ನು ಹೇಳದಿದ್ದರೆ ತೆರೆಯುವುದಿಲ್ಲ. ದೂರು ಹೇಳಿದರೆ ಉತ್ತರವೆಂದು ಒಪ್ಪುವುದಿಲ್ಲ. ಹೋದ ವರ್ಷ ನನಗೂ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಿಮ್ಮ ತಂಗಿಗೆಂದು ಹುಟ್ಟಿದ ಮುಚ್ಚಳದ ಮುಂದೆ ಕೂತು, ಒಂದು ಮಾತ್ರೆಗಾಗಿ ದಿನಾ ತಲೆ ಕೆರೆದುಕೊಳ್ಳುತ್ತೇನೆ. ಇದು ಮೋಸ ಅಜ್ಜಿ, ನಿಮಗೂ ನನಗೂ ಸೇರಿ ಆದ ಮೋಸ.

ಇವತ್ತು ಏನೂ ಹೊಳೆಯಲಿಲ್ಲ. ಕೈ ನೋಯುತ್ತಿದೆ ಎಂದೆ. ಡಬ್ಬಿಯ ಹೆಂಗಸಿನ ದನಿ ನನ್ನನ್ನೇ ಗದರಿತು. ಮಾತ್ರೆಯಿಲ್ಲದೆ ಮತ್ತೆ ಕಡತ ತೆರೆದೆ. ಕೊನೆಯಲ್ಲಿ ನೀವು ಸಿಂಚನಾಗೆ ಕಳಿಸಿದ ಧ್ವನಿ ಸಂದೇಶಗಳಿದ್ದವು. ಅವನ್ನು ಹಾಕಿ ಕೇಳಿದೆ. ದಿನಾ ನನ್ನನ್ನು ಗದರುವ ಆ ದನಿ ನಿಮ್ಮದು.

ರೇಣುಕಾ ಗುಂಪು ಬಿಟ್ಟ ದಿನವೇ ನಿಮ್ಮ ಕೈ ಸೇರುವಂತೆ ಈ ಕಾಗದವನ್ನು ನಿಮ್ಮ ಕಾಲಕ್ಕೆ ಕಳಿಸುತ್ತಿದ್ದೇನೆ. ನಾಳೆ ಸಿಂಚನಾ, ನಿಮ್ಮ ಮಾತು ಕೇಳೋಕೆ ಚೆಂದ ಅಕ್ಕಾ, ರೆಕಾರ್ಡ್ ಮಾಡಿ ಕಳಿಸಿ ಎನ್ನುತ್ತಾಳೆ. ಬೇಡ. ಆ ಹೊತ್ತಿಗೆ ರೇಣುಕಾ ಮನೆಗೆ ಹೋಗಿ ಅವಳ ಕೈ ನೋಡಿ ಬನ್ನಿ. ನಿಮ್ಮ ದನಿ ಹೇಗಿತ್ತೆಂದು ನನಗೆ ಎಂದೂ ತಿಳಿಯದಿರಲಿ.