ಕೊನೆಯ ಪಾಠದ ನದಿಗಳು

ಮೇ ೧೪, ಗುರುವಾರ

ಶನಿವಾರ ಚರ್ಚಿನಲ್ಲಿ ಪ್ರೌಢಶಾಲೆ ಮುಗಿಸಿದವರಿಗೆ ಪ್ರಮಾಣಪತ್ರ ಕೊಡುವ ಸಮಾರಂಭ. ನಾನಿನ್ನೂ ಮುಗಿಸಿಲ್ಲ. ನಮ್ಮ ಮಾನ್ಯ ಮುಖ್ಯೋಪಾಧ್ಯಾಯಿನಿ, ಅಂದರೆ ಅಡುಗೆಮನೆಯ ಮೇಜಿನಲ್ಲಿ ನನಗೆ ಒಂದನೇ ತರಗತಿಯಿಂದ ಪಾಠ ಹೇಳಿದ ಅಮ್ಮ, ಓದು ಮುಗಿಯಿತೆಂದು ಸಹಿ ಹಾಕಲು ಒಪ್ಪುತ್ತಿಲ್ಲ. ಹೋದ ವಾರ ಬ್ರೆಡ್ ಬೇಯಿಸಲು ಕಲಿಯುವುದು ಬಾಕಿ ಎಂದಳು. ಇವತ್ತು ನಮ್ಮ ಟೆನೆಸಿ ರಾಜ್ಯದ ನದಿಗಳನ್ನೆಲ್ಲ ನೋಡದೆ ನಕ್ಷೆಯಲ್ಲಿ ಬರೆಯಬೇಕಂತೆ.

ಮನೆಪಾಠದ ಮಕ್ಕಳಿಗೆ ಪ್ರಮಾಣಪತ್ರ ಕೊಡುವ ಚರ್ಚ್ ಶಾಲೆಯ ಲೆಡ್‌ಬೆಟರ್ ಮೇಡಂಗೆ ಗುಟ್ಟಾಗಿ ಫೋನ್ ಮಾಡಿದೆ.

"ನಿಂದೆಲ್ಲ ಈಸ್ಟರ್‌ಗೇ ಮುಗ್ದಿದೆ ಕಣಪ್ಪ ಏಸಾ. ನಿಮ್ಮಮ್ಮನ ಸಹಿ ಒಂದು ಬಾಕಿ, ನಾಳೆ ಸಂಜೆಯೊಳಗೆ ಬೇಕು."

ವಕೀಲನ ಗತ್ತಿನಲ್ಲಿ ಅಮ್ಮನೆದುರು ನಿಂತೆ. "ಮಹಾಸ್ವಾಮಿ, ನದಿಗಳನ್ನ ಶಾಲೆಯವರು ಕೇಳೇ ಇಲ್ವಂತೆ. ಲೆಡ್‌ಬೆಟರ್ ಮೇಡಂ ಹೇಳಿದ್ರು."

ಅಮ್ಮ ಹಿಟ್ಟು ನಾದುತ್ತಲೇ ಇದ್ದಳು. "ಅವಳಿಗೇನು, ಹೇಳ್ತಾಳೆ. ಅವಳ ಮನೇಲಿ ಓದೋಕೆ ಇನ್ನೂ ಮೂವರಿದಾರೆ."

ಅಕ್ಕಂದಿರೆಲ್ಲ ಮುಗಿಸಿ ಹೋದ ಈ ಅಡುಗೆಮನೆ ಶಾಲೆಯಲ್ಲಿ ಉಳಿದವನು ನಾನೊಬ್ಬನೇ. ವಕೀಲನ ಗತ್ತು ಬಿಟ್ಟು ಮೇಜಿನ ಬಳಿ ಕೂತೆ.

"ಬೆಳಗ್ಗೆ ಪರೀಕ್ಷೆ. ಸರಿಯಾಗಿ ಬರೆದ್ರೆ ಸಹಿ," ಎಂದಳು.

ಈಗ ಕಣ್ಣು ಮುಚ್ಚಿದರೆ ಆ ಮೇಜಿನ ಮೇಲೆ ನದಿಗಳು ನೀಲಿಯಾಗಿ ಹರಿಯುತ್ತವೆ, ಅಮ್ಮನ ಹಿಟ್ಟು ಮೆತ್ತಿದ ಬೆರಳು ಅವುಗಳಲ್ಲಿ ದೋಣಿಯಂತೆ ತೇಲುತ್ತದೆ. ಎಲ್ಲ ನದಿಗಳೂ ನನಗೆ ಗೊತ್ತು, ಅರ್ಧದಷ್ಟರಲ್ಲಿ ಮೀನು ಹಿಡಿದಿದ್ದೇನೆ. ಆದರೂ ನಾಳೆ ನಕ್ಷೆಯಲ್ಲಿ ಬೇಕೆಂದೇ ಡಕ್ ನದಿಯನ್ನು ಬೆಟ್ಟ ಹತ್ತಿಸುತ್ತೇನೆ. ಅಮ್ಮ ಬೈದು, ನನ್ನ ಕೈ ಹಿಡಿದು ಅದನ್ನು ಕೆಳಗಿಳಿಸುತ್ತಾಳೆ. ಆಮೇಲೆ ಕ್ಲಿಂಚ್ ನದಿಯೂ ದಾರಿ ತಪ್ಪಲಿ. ಸಂಜೆಗೆ ಮೊದಲು ಸಹಿ ಬಿದ್ದರೆ ಸಾಕು, ಅಲ್ಲಿಯವರೆಗೆ ಅಮ್ಮನ ಶಾಲೆ ನಡೆಯಲಿ.