ಬೆನ್ನಿಗಿದ್ದ ಗಾಳಿ

ಮಾರ್ಚ್ 8, ಶನಿವಾರ
ಎಂದಿನಂತೆ ಕ್ಲಬ್ಬಿಗೆ ಹೋಗಿ ವಿಮಾನ ತೊಳೆದೆ. ಎಣ್ಣೆ ನೋಡಿದೆ, ಟೈರ್ ಒತ್ತಿ ನೋಡಿದೆ. ಎರಡೇ ಸೀಟಿನ ಪುಟ್ಟದು — ಮಾವ ಇಟ್ಟ ಹೆಸರು ಮಿಡತೆ. ನಾಳೆ ಅವರನ್ನು ಹತ್ತಿಸಿಕೊಳ್ಳಬೇಕು. "ಮಗಳನ್ನೇ ಕೊಟ್ಟಾಯ್ತು, ಇನ್ನು ಜೀವದ್ದೇನು," ಎಂದು ನಗುತ್ತಿದ್ದರಂತೆ.

ಮಾರ್ಚ್ 11, ಮಂಗಳವಾರ
ಮಾವನ ಭುಜದ ಮೂಳೆ ಮುರಿದಿದೆ. ನನಗೆ ತರಚು ಗಾಯವೂ ಇಲ್ಲ... ಮಿಡತೆ ಬೇಲಿಯಾಚೆ ಮಗುಚಿ ಬಿದ್ದಿದೆ.
ಗಾಳಿಗೆ ಎದುರಾಗಿ ಓಡಿಸಿದರೆ ತಾನೇ ರೆಕ್ಕೆ ಎತ್ತುವುದು. ಅದಕ್ಕೆ ರನ್‌ವೇಯ ಆ ತುದಿಗೆ ಹೋಗಿ ತಿರುಗಬೇಕಿತ್ತು. ಬೇಲಿಯ ಹತ್ತಿರ ನಿಂತ ಭಾಮೈದ ಕೂಗಿದ: "ಭಾವ, ಇದು ಹಾರುತ್ತೋ, ಬಸ್ಸಿನ ಹಾಗೆ ಓಡೋದಷ್ಟೇನೋ?" ರೋಷ ಬಂತು. ಈ ತುದಿಯಿಂದಲೇ ಎಂಜಿನ್ ಏರಿಸಿದೆ. ಗಾಳಿಯ ದಿಕ್ಕು ತೋರಿಸುವ ಕಂಬದ ಮೇಲಿನ ಬಟ್ಟೆಚೀಲ ಉಬ್ಬಿ ನಿಂತಿತ್ತು. ಗಾಳಿ ಬೆನ್ನಿಗಿದೆ ಎಂದು ನೋಡಿದ್ದೆ. ಚಕ್ರ ನೆಲ ಬಿಡುವ ಮೊದಲೇ ಬೇಲಿ ಬಂತು.
ಕ್ಲಬ್ಬಿನಲ್ಲಿ ಹೇಳಿದ್ದು — ಎಡಗಡೆಯಿಂದ ಇದ್ದಕ್ಕಿದ್ದಂತೆ ಬೀಸಿತು. ಗಾಳಿಗೆ ಬಾಯಿಲ್ಲವಲ್ಲ, ಅದರ ತಲೆಗೇ ಕಟ್ಟಿದೆ.

ಮಾರ್ಚ್ 12
ಮಾವ ಆಸ್ಪತ್ರೆಯಿಂದ ಮನೆಗೆ ಬಂದರು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಗಾಳಿ ಬೆನ್ನಿಗೇ ಇತ್ತು, ತಳ್ಳಿಕೊಡ್ತಾ ಇತ್ತು. ಇನ್ನೇನು ಬೇಕು? ಅಳಿಯಂದ್ರದ್ದೇನೂ ತಪ್ಪಿಲ್ಲ." ಉಳಿಸುತ್ತಿದ್ದೇನೆ ಎಂದುಕೊಂಡು ಮುಳುಗಿಸುತ್ತಿದ್ದಾರೆ. ಶನಿವಾರ ತನಿಖೆಯ ಅಧಿಕಾರಿ ಬರುತ್ತಾರೆ. ಅವರ ಕಿವಿಗೆ ಬಿದ್ದರೆ ಲೈಸೆನ್ಸ್ ಹೋದ ಹಾಗೆ.

ಮಾರ್ಚ್ 14, ಸಂಜೆ
ಮಾಡಬಾರದ್ದು ಮಾಡಿದೆ. ಹಾಸಿಗೆಯ ಪಕ್ಕ ಕೂತು, "ಮಾವ, ಗಾಳಿ ಎಡಗಡೆಯಿಂದ ಬಂತು ಅನ್ನಿ," ಎಂದೆ.
"ಹಿಂದಿನಿಂದ ಅಲ್ವಾ?"
"ಪೆಟ್ಟು ಬಿತ್ತಲ್ಲ, ಮರೆತಿರ್ತೀರಿ."
"ಇರಬಹುದಪ್ಪ. ನಿಮಗಿಂತ ನನಗೆ ಗೊತ್ತಾ."
ನನ್ನನ್ನು ನಂಬಿ ತಮ್ಮ ತಲೆಯನ್ನೇ ಅನುಮಾನಿಸಿದರು. ಹೊರಬರುವಾಗ ಹೆಂಡತಿ ಬಾಗಿಲಲ್ಲೇ ಇದ್ದಳು.

ಮಾರ್ಚ್ 15, ಶನಿವಾರ
ಅಧಿಕಾರಿ ಬಂದರು. ಮಾವ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕೂತಿದ್ದರು. ಗಾಳಿ ಯಾವ ಕಡೆಯಿಂದ ಎಂಬ ಪ್ರಶ್ನೆ ಬಂದಾಗ ನನ್ನ ಕಡೆ ತಿರುಗಿದರು.
"ಅಳಿಯಂದ್ರೇ, ನೀವು ಹೇಳಿಕೊಟ್ಟಿದ್ದು ಎಡಗಡೆ ಅಂತಾನೋ ಬಲಗಡೆ ಅಂತಾನೋ? ಈ ತಲೇಲಿ ನಿಲ್ತಾನೇ ಇಲ್ಲ."
ಅಧಿಕಾರಿಯ ಪೆನ್ನು ನಿಂತಿತು. ಹೆಂಡತಿ ನೆಲ ನೋಡುತ್ತಿದ್ದಳು.
"ಹಿಂದಿನಿಂದ, ಮಾವ. ನಿಮಗೆ ನೆನಪಿದ್ದದ್ದೇ ಸರಿ."
ಅವರ ಮುಖ ಅರಳಿತು. "ನೋಡಿ ಸಾರ್, ನನ್ನ ತಲೆ ನೆಟ್ಟಗೇ ಇದೆ. ಒಳ್ಳೇ ಗಾಳಿ, ಬೆನ್ನಿಗೇ ಇತ್ತು. ಇವರದ್ದೇನೂ ತಪ್ಪಿಲ್ಲ, ಬರ್ಕೊಳ್ಳಿ."
ಅಧಿಕಾರಿ ಬರೆದುಕೊಂಡರು. ಮಾವ ನನ್ನ ಕಡೆ ನೋಡಿದರು — ಸರಿಯಾಗಿ ಹೇಳಿದೆನಾ ಎನ್ನುವ ಹಾಗೆ. ನಾನು ಹೌದೆಂದು ತಲೆಯಾಡಿಸಿದೆ.