ಮೊಣಕೈವರೆಗಿನ ತೋಳು

ದೇರೆಬೈಲ್
12 ನವೆಂಬರ್ 2024

ನನ್ನ ಮುದ್ದಿನ ಪ್ರಾಪ್ತಿಗೆ,

ಹನ್ನೊಂದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ವಾಟ್ಸಾಪ್ ಮಾಡಿದರೆ ನೀಲಿ ಗೀಟು ಬರುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊದಲ ಬಾರಿ ಇಷ್ಟುದ್ದ ಕನ್ನಡ ಬರೆಯಲು ಕೂತಿದ್ದೇನೆ. ಗೆಳತಿಯ ಮನೆಯಲ್ಲಿ ಊಟ ಸರಿಯಾಗುತ್ತದಲ್ಲ? ಕುಲಶೇಖರದಿಂದ ಪಣಂಬೂರಿನ ಆಫೀಸಿಗೆ ಎರಡು ಬಸ್ಸು ಬದಲಿಸಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ಸಿಟ್ಟು ನನಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಇಪ್ಪತ್ತಾರು ವರ್ಷ ಈ ಊರಿಗೆಲ್ಲ ರವಿಕೆ ಹೊಲಿದವಳ ಮಗಳೇ ತನ್ನ ಮದುವೆಯ ರವಿಕೆಗೆ ಬೇರೆ ಟೈಲರನ್ನು ಹುಡುಕುತ್ತಾಳೆಂದರೆ ನಾನು ಮುಖ ಎಲ್ಲಿಡಲಿ? ನೀನು ಫೋನಿನಲ್ಲಿ ತೋರಿಸಿದ್ದು ಗಿಡ್ಡ ತೋಳು, ತೆರೆದ ಬೆನ್ನಿಗೆ ಕಟ್ಟುವ ಡೋರಿ. ನಾನು ಹೊಲಿದದ್ದು ಮೊಣಕೈವರೆಗಿನ ತೋಳು, ಮುಚ್ಚಿದ ಬೆನ್ನು. ನೀನು ಹಾಕಿ ನೋಡಿ, "ಇದರ ಒಳಗೆ ಇನ್ನೊಬ್ಬಳಿಗೂ ಜಾಗ ಉಂಟು ಅಮ್ಮ," ಎಂದೆ. ಅಳತೆ ಸರಿಯಾಗಿಯೇ ಇದೆ, ಮದುವೆಗೆಂದು ಊಟ ಬಿಟ್ಟು ನೀನೇ ಸೊರಗಿದ್ದೀ ಎಂದು ನಾನು ವಾದಿಸಿದೆ. ನೀನು ಬ್ಯಾಗು ಹಿಡಿದು ಹೊರಟೆ. ಮದುವೆಗೆ ಇನ್ನು ಇಪ್ಪತ್ತೇ ದಿನ ಇದೆ.

ಕಳೆದ ವಾರ ಡ್ಯಾಫ್ನಿ ಟೀಚರ್ ಬಂದಿದ್ದರು, ನಿನಗೆ ಆರನೇ ಕ್ಲಾಸಿನಲ್ಲಿ ಗಣಿತ ಕಲಿಸಿದವರು. ಜೊತೆಗೆ ಅವರ ತಮ್ಮನ ಹೆಂಡತಿ ಟಾನ್ಯಾ, ಕಡ್ಡಿಯ ಹಾಗಿದ್ದಾಳೆ. ಟಾನ್ಯಾಳ ಕೈಗೆ ಡಿಸೈನ್ ಪುಸ್ತಕ ಕೊಟ್ಟೆ. ಟೀಚರಿಗೆ, ನಿಮ್ಮದು ಯಾವಾಗಿನ ಹಾಗೆಯೇ ಹೊಲಿಯುತ್ತೇನೆ ಎಂದು ಬಟ್ಟೆ ಮಡಚಿಟ್ಟೆ. ಅವರು ಮೆಲ್ಲಗೆ ಕೇಳಿದರು: "ಕುಶಲಕ್ಕ, ಹದಿನಾಲ್ಕು ವರ್ಷ ಆಯ್ತು. ನನಗೆ ಎಂತ ಬೇಕು ಅಂತ ನೀವು ಒಮ್ಮೆಯೂ ಕೇಳ್ಲಿಲ್ಲ ಅಲ್ವಾ?"

ನಾನು ನಕ್ಕುಬಿಟ್ಟೆ. ಆಮೇಲೆ ಹೌದಲ್ಲ ಎನ್ನಿಸಿತು. ತೆಳ್ಳಗಿನವರು ಬಂದರೆ ಪುಸ್ತಕ ಬಿಡಿಸುತ್ತೇನೆ. ದಪ್ಪಗಿನವರು ಬಂದರೆ ನಾನೇ ತೀರ್ಮಾನ ಮಾಡುತ್ತೇನೆ: ಸ್ವಲ್ಪ ಸಡಿಲ, ಕಡು ಬಣ್ಣ, ಉದ್ದ ತೋಳು. ಇದನ್ನು ನನಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಅವರಿಗೆ ಅದೇ ಬೇಕು ಎಂದುಕೊಂಡಿದ್ದೆ. ಟೀಚರ್ ಆರಿಸಿದ್ದು ಬೆನ್ನು ತೆರೆದ ಡಿಸೈನನ್ನು. ಹೊಸದಾಗಿ ಅಳತೆ ತೆಗೆದು ಹೊಲಿದೆ. ನಿನ್ನೆ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದರು. ಚಂದ ಕಂಡಿತು. ಆದರೂ ನನ್ನ ಕೈ ತನ್ನಷ್ಟಕ್ಕೇ ಅವರ ಸೆರಗು ಎಳೆದು ಬೆನ್ನು ಮುಚ್ಚಲು ಹೋಯಿತು. ಅವರು ನನ್ನ ಕೈಯನ್ನೇ ನೋಡಿದರು.

ಈಗ ನನಗೆ ಏನೂ ತಿಳಿಯುತ್ತಿಲ್ಲ ಮಗಳೇ. ನಿನ್ನ ಏಳನೇ ಕ್ಲಾಸಿನಲ್ಲಿ ದೊಡ್ಡಮ್ಮ ಎಲ್ಲರೆದುರು, ಇವಳಿಗೆ ಫ್ರಾಕ್ ಅಲ್ಲ ಶಾಮಿಯಾನ ಹೊಲಿಯಬೇಕು ಎಂದಾಗ ನಾನೂ ನಕ್ಕಿದ್ದೆ. ಇನ್ನು ಯಾರೂ ನಿನ್ನನ್ನು ಆಡಿಕೊಳ್ಳಬಾರದೆಂದು ಅಂದಿನಿಂದ ಮುಚ್ಚಿ ಮುಚ್ಚಿ ಹೊಲಿದೆ. ಅದು ಪ್ರೀತಿಯೆಂದೇ ನಂಬಿದ್ದೆ. ನಾಚಿಕೆಯೂ ಇತ್ತೋ? ಇದ್ದರೆ ಅದು ಯಾರ ನಾಚಿಕೆ, ನಿನ್ನದೋ ನನ್ನದೋ? ನಿನ್ನ ಅಪ್ಪನನ್ನು ಕೇಳಿದರೆ ಒಂದು ರವಿಕೆಗೆ ಇಷ್ಟು ತಲೆಬಿಸಿ ಯಾಕೆ ಮಾರಾಯ್ತಿ ಎನ್ನುತ್ತಾರೆ.

ನಿನಗೆ ಬೇಕಾದ ಟೈಲರ್ ಹತ್ತಿರ ಹೊಲಿಸಿಕೋ, ನನಗೆ ಬೇಸರವಿಲ್ಲ. ಇಲ್ಲ, ಅದು ಸುಳ್ಳು. ನಾನೇ ಹೊಲಿಯಬೇಕು ಎಂದು ಆಸೆ ಇದೆ. ನೀನು ಹೇಳಿದ ಹಾಗೆಯೇ ಹೊಲಿಯುತ್ತೇನೆ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಕುಶಲಾ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ. ಅಳತೆ ಸರಿ ಎಂದು ವಾದಿಸಿದೆನಲ್ಲ, ಇವತ್ತು ಬೆಳಿಗ್ಗೆ ಅಳತೆ ಪುಸ್ತಕ ತೆಗೆದು ನಿನ್ನ ಹೆಸರು ಹುಡುಕಿದೆ. ದೇರೆಬೈಲಿನ ಅರ್ಧ ಹೆಂಗಸರು ಅದರಲ್ಲಿದ್ದಾರೆ, ನೀನಿಲ್ಲ. ಆ ಏಳನೇ ಕ್ಲಾಸಿನ ಮೇಲೆ ನಿನಗೆ ನಾನು ಟೇಪು ಹಿಡಿದೇ ಇಲ್ಲ. ನಿನ್ನ ಮದುವೆಯ ರವಿಕೆ ಕತ್ತರಿಸುವಾಗ ಎದುರಿಗೆ ಬಿಡಿಸಿಟ್ಟುಕೊಂಡಿದ್ದು ಡ್ಯಾಫ್ನಿ ಟೀಚರ ಪುಟ.